ಸಂಚಕಾರ ಪತ್ರದ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದು ಹೇಗೆ?

ಸಂಚಕಾರ ಪತ್ರ, ಅಂದರೆ ಮುಂಗಡ ಕೊಟ್ಟು ಜಾಗ ಖರೀದಿಸುವ ಕರಾರು, ಮಾಡಿಕೊಂಡು, ಖರೀದಿ ಪತ್ರವಾಗುವ ಮೊದಲೇ ಆ ಜಾಗವನ್ನು ಹೆಚ್ಚಿನ ದರಕ್ಕೆ ಮತ್ತೊಬ್ಬರಿಗೆ ದಾಟಿಸುವ ವ್ಯವಹಾರ ಬೆಳಗಾವಿಯ ಸುತ್ತಮುತ್ತ ನಡೆಯುತ್ತಲೇ ಇದೆ. ಇದು ಸ್ವತಃ ಅಪರಾಧವಲ್ಲ. ಆದರೆ ಮಾಲೀಕರಿಗೆ ತಿಳಿಸದೆ ನಡೆಸಿದ ವ್ಯವಹಾರಗಳು ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ಹಲವು ಬಾರಿ ಕಂಡಿದ್ದೇನೆ.

ಮೊದಲು ನೀವು ದಲಾಲರೋ, ಖರೀದಿದಾರರೋ ಎಂಬುದನ್ನು ನಿರ್ಧರಿಸಿಕೊಳ್ಳಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿತ ಬಡಾವಣೆಯ ಪ್ಲಾಟುಗಳನ್ನು ದಲಾಲಿ ಪಡೆದು ಮಾರಿಸುವವರು 2016ರ ರಿಯಲ್ ಎಸ್ಟೇಟ್ ಕಾಯ್ದೆಯ 9ನೇ ಕಲಮಿನಂತೆ ಏಜೆಂಟರಾಗಿ ನೋಂದಾಯಿಸಿಕೊಳ್ಳಲೇಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಬೀಳುತ್ತದೆ. ಮಾಲೀಕರ ದಲಾಲರಾಗಿದ್ದುಕೊಂಡೇ ಅವರಿಗೆ ತಿಳಿಯದಂತೆ ನೀವೇ ಖರೀದಿದಾರರಾದರೆ, ಕರಾರು ಕಾಯ್ದೆಯ 216ನೇ ಕಲಮಿನಂತೆ ನಿಮ್ಮ ಲಾಭವನ್ನು ಅವರು ಕೇಳಿ ಪಡೆಯಬಹುದು.

ಬಳಿಕ ಉತಾರ (ಆಸ್ತಿಯ ಹಕ್ಕುದಾಖಲೆಯ ಪ್ರತಿ), ಋಣಭಾರ ಪ್ರಮಾಣ ಪತ್ರ ಮತ್ತು ವಾರಸುದಾರರ ಹೆಸರುಗಳನ್ನು ಪರಿಶೀಲಿಸಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಪೂರ್ವಾನುಮತಿಯಿಲ್ಲದೆ ಮುಂದುವರಿಯಬೇಡಿ. ಇಂಥ ಜಮೀನುಗಳ ಪರಭಾರೆಯನ್ನು ನಿಷೇಧಿಸುವ ಕರ್ನಾಟಕದ 1978ರ ಕಾಯ್ದೆಯಲ್ಲಿ ಸಂಚಕಾರವೂ ಪರಭಾರೆಯೇ.

ಹೆಚ್ಚಿನವರು ಎಡವುವುದು ಪತ್ರದ ಒಕ್ಕಣೆಯಲ್ಲಿ. ‘ನಿಮಗೆ ಅಥವಾ ನೀವು ಸೂಚಿಸಿದವರಿಗೆ ಖರೀದಿ ಪತ್ರ ಬರೆದುಕೊಡುತ್ತೇನೆ’ ಎಂಬ ಅರ್ಧ ಸಾಲು ಸಿದ್ಧ ನಮೂನೆಗಳಲ್ಲಿ ಅಡಗಿರುತ್ತದೆ. ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಹಕ್ಕು ವರ್ಗಾಯಿಸಲು ಕಾನೂನು ಸಾಮಾನ್ಯವಾಗಿ ಅಡ್ಡಿಪಡಿಸುವುದಿಲ್ಲ, ನಿಜ; ಆದರೆ ಅರ್ಥವಾಗದೆ ಸಹಿ ಮಾಡಿದ ರೈತರು ನೋಂದಣಿಯ ದಿನ ಅಪರಿಚಿತ ಖರೀದಿದಾರರನ್ನೂ ಬೇರೆಯದೇ ಮೊತ್ತವನ್ನೂ ಕಂಡು ಹಿಂದೆ ಸರಿದರೆ ಅವರನ್ನು ದೂರುವಂತಿಲ್ಲ. ಆದ್ದರಿಂದ ಆ ನಮೂನೆಗಳನ್ನು ಬಳಸಲೇಬೇಡಿ. ನೀವು ಹಕ್ಕನ್ನು ಲಾಭಕ್ಕೆ ವರ್ಗಾಯಿಸಬಹುದು, ಆ ಲಾಭ ನಿಮ್ಮದು, ಮಾಲೀಕರಿಗೆ ಬರಬೇಕಾದ ಮೊತ್ತ ಇಷ್ಟು ಮತ್ತು ಅದು ಇಂಥ ದಿನಾಂಕದೊಳಗೆ ಸಲ್ಲಬೇಕು, ಬೇರೆ ಖರೀದಿದಾರರು ಸಿಗದಿದ್ದರೆ ನೀವೇ ಖರೀದಿಸುತ್ತೀರೋ ಇಲ್ಲವೋ, ಖರೀದಿಸದಿದ್ದರೆ ಸಂಚಕಾರದ ಹಣ ಯಾರಿಗೆ ಸೇರುತ್ತದೆ, ಇವೆಲ್ಲವನ್ನೂ ಪ್ರತ್ಯೇಕ ಕಂಡಿಕೆಯಲ್ಲಿ ಬಿಡಿಸಿ ಬರೆಯಿಸಿ. ಮನೆಯವರೆಲ್ಲರ ಎದುರು ಓದಿಸಿ. ಮಾಲೀಕರು ಮರಾಠಿಯಷ್ಟೇ ಬಲ್ಲವರಾದರೆ ಮರಾಠಿಯಲ್ಲಿ ವಿವರಿಸಿ, ಆ ಕಂಡಿಕೆಯ ಕೆಳಗೇ ಸಹಿ ಪಡೆಯಿರಿ.

ಜಾಹೀರಾತಿನಲ್ಲಿ ‘ನಮ್ಮ ಜಾಗ’ ಎನ್ನಬೇಡಿ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನಂತೆ ಸಂಚಕಾರ ಪತ್ರ ಮಾತ್ರದಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ನೀವು ಮಾರುತ್ತಿರುವುದು ಕರಾರಿನ ಹಕ್ಕನ್ನು ಮಾತ್ರ. ಮುಖತ್ಯಾರ ಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ ಮಾರಿಬಿಡಿ ಎಂಬ ಅಡ್ಡದಾರಿಯ ಸಲಹೆಯನ್ನೂ ಕೇಳಬೇಡಿ. ಅದರಿಂದ ಮಾಲೀಕತ್ವ ವರ್ಗವಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೊನೆಗೆ ಮಾಲೀಕರು, ನೀವು ಮತ್ತು ಹೊಸ ಖರೀದಿದಾರರು ಮೂವರೂ ಸಹಿ ಮಾಡುವ ವರ್ಗಾವಣೆ ಪತ್ರವನ್ನು ವಕೀಲರಿಂದ ಬರೆಯಿಸಿ, ಎರಡೂ ದರಗಳನ್ನು ಅದರಲ್ಲಿ ನಮೂದಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸಿ, ಮೂವರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ.