ಮೊದಲ ಕರಾಟೆ ಟೂರ್ನಿಗೆ ಹೆಸರು ಕೊಟ್ಟಿದ್ದೀರಾ? ಹೀಗೆ ತಯಾರಾಗಿ

ಹೆಸರು ಕೊಡುವಾಗಲೇ ಮಾಸ್ಟರ್ ಹತ್ತಿರ ಒಂದು ಪ್ರಶ್ನೆ ಕೇಳಿ: ಈ ಟೂರ್ನಿ ಯಾವ ನಿಯಮದ ಮೇಲೆ ನಡೆಯುತ್ತದೆ? ಕರಾಟೆಯಲ್ಲೇ ಬೇರೆ ಬೇರೆ ಪದ್ಧತಿಗಳಿವೆ. ಕ್ಯೋಕುಶಿನ್ ಪಂದ್ಯದಲ್ಲಿ ಮೈಗೆ ಪೂರ್ತಿ ಬಲ ಹಾಕಿ ಹೊಡೆಯಬಹುದು, ಆದರೆ ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ವಿಶ್ವ ಕರಾಟೆ ಫೆಡರೇಶನ್ ನಿಯಮದಲ್ಲಿ ಮುಖದತ್ತ ಪಂಚ್ ಬಿಡಬಹುದು, ಆದರೆ ಹತೋಟಿ ತಪ್ಪಿ ಜೋರಾಗಿ ತಗುಲಿಸಿದರೆ ದಂಡನೆ. ಒಂದಕ್ಕೆ ಅಭ್ಯಾಸ ಮಾಡಿ ಇನ್ನೊಂದಕ್ಕೆ ಇಳಿದರೆ ಕಷ್ಟ. ಇಲ್ಲಿ ಫೆಡರೇಶನ್ ಪದ್ಧತಿಯ ಕುಮಿಟೆಯನ್ನೇ, ಅಂದರೆ ಎದುರಾಳಿಯ ಜೊತೆ ನೇರವಾಗಿ ಆಡುವ ಪಂದ್ಯವನ್ನೇ, ಇಟ್ಟುಕೊಂಡು ಹೇಳುತ್ತೇನೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ್ದೂ ಇದೇ ಪದ್ಧತಿ.

ಅಂಕದ ಲೆಕ್ಕ ಬಾಯಿಪಾಠ ಆಗಲಿ

ಪಂಚ್‌ಗೆ 1 ಅಂಕ, ಇದು ಯುಕೋ. ಎದೆ, ಹೊಟ್ಟೆ, ಬೆನ್ನಿಗೆ ಬಿದ್ದ ಕಿಕ್‌ಗೆ 2, ಇದು ವಾಜಾ-ಅರಿ. ತಲೆಯ ಎತ್ತರಕ್ಕೆ ಹೋದ ಕಿಕ್‌ಗೆ 3, ಇದು ಇಪ್ಪೊನ್. ಎದುರಾಳಿಯನ್ನು ಬೀಳಿಸಿ ತಕ್ಷಣ ಪಂಚ್ ಬಿಟ್ಟರೂ 3. ಯಾರಾದರೂ 8 ಅಂಕ ಮುಂದೆ ಹೋದರೆ ಬೌಟ್ ಅಲ್ಲಿಗೇ ಮುಗಿಯುತ್ತದೆ. ದೊಡ್ಡವರಿಗೆ 3 ನಿಮಿಷ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಆಟ ನಡೆಯುವ ಜಾಗ 8 ಮೀಟರ್ ಉದ್ದ, 8 ಮೀಟರ್ ಅಗಲ. ಗೆರೆ ದಾಟಿದರೆ ಎಚ್ಚರಿಕೆ.

ಹೊಸಬರು ಮರೆಯುವ ನಿಯಮ ಸೆನ್ಶು. ಎದುರಾಳಿಗಿಂತ ಮೊದಲು ಅಂಕ ಗಳಿಸಿದವರಿಗೆ ಈ ಅನುಕೂಲ ಸಿಗುತ್ತದೆ. ಕೊನೆಯಲ್ಲಿ ಅಂಕ ಸಮವಾದರೆ ಸೆನ್ಶು ಇರುವವರೇ ಗೆಲ್ಲುತ್ತಾರೆ. ಹಾಗಾಗಿ ಮೊದಲ ಪಂಚ್‌ನ ಬೆಲೆ ಬರೀ 1 ಅಲ್ಲ.

ಇನ್ನೊಂದು ವಿಷಯ. ನಿಮ್ಮ ಏಟು ಬಿದ್ದರೆ ಸಾಲದು, ಅದು ಕಾಣಬೇಕು. ಮೂಲೆಗಳಲ್ಲಿ ಕೂತ ನಾಲ್ವರು ಜಡ್ಜ್‌ಗಳಲ್ಲಿ ಕನಿಷ್ಠ ಇಬ್ಬರು ಅಂಕ ತೋರಿಸಬೇಕು. ಕೈ ನೇರವಾಗಿ ಹೋಗಿ, ಅಷ್ಟೇ ವೇಗವಾಗಿ ವಾಪಸ್ ಬರಬೇಕು. ಏಟು ಬಿಟ್ಟ ಮೇಲೂ ಕಣ್ಣು ಎದುರಾಳಿಯ ಮೇಲೇ ಇರಬೇಕು. ಇದನ್ನು ಜಾನ್‌ಶಿನ್ ಅನ್ನುತ್ತಾರೆ. ಪಂಚ್ ಬಿತ್ತೆಂದು ಖುಷಿಯಲ್ಲಿ ಬೆನ್ನು ತಿರುಗಿಸಿದರೆ ಬರಬೇಕಾದ ಅಂಕವೂ ಹೋಗುತ್ತದೆ. ತುಂಬ ಮಕ್ಕಳು ಇಲ್ಲೇ ಸೋಲುತ್ತಾರೆ. ಚೆನ್ನಾಗಿ ಹೊಡೆದೂ ಸೋಲುವುದು ನೋಡಲು ಬೇಜಾರು.

ಒಂದು ಪಂಚ್, ಒಂದು ಕಿಕ್

ಕೊನೆಯ ವಾರಗಳಲ್ಲಿ ಹೊಸದೇನನ್ನೂ ಕಲಿಯಲು ಹೋಗಬೇಡಿ. ನಿಮಗೆ ಸಲೀಸಾಗಿ ಬರುವ ಒಂದು ಪಂಚ್, ಒಂದು ಕಿಕ್ ಆರಿಸಿಕೊಳ್ಳಿ. ಗ್ಯಾಕು ಜುಕಿ (ಹಿಂದಿರುವ ಕೈಯಿಂದ ಬಿಡುವ ಪಂಚ್) ಮತ್ತು ಹೊಟ್ಟೆಯ ಎತ್ತರದ ಮಾವಾಶಿ ಗೆರಿ (ಪಕ್ಕದಿಂದ ಸುತ್ತಿ ಬರುವ ಕಿಕ್) ಸಾಕು. ತಲೆಗೆ ಕಿಕ್ ಹಾಕಿದರೆ 3 ಅಂಕ ನಿಜ, ಆದರೆ ಭಯದಲ್ಲಿ ಕಾಲು ಅಷ್ಟು ಮೇಲೆ ಹೋಗುವುದಿಲ್ಲ. ಹೋದರೂ ಹತೋಟಿ ಇರುವುದಿಲ್ಲ.

ಅಭ್ಯಾಸವನ್ನು ಪಂದ್ಯದ ಹಾಗೆಯೇ ಮಾಡಿ. ಗ್ಲೌಸ್, ಹಲ್ಲಿನ ಗಾರ್ಡ್, ಕಾಲಿನ ಗಾರ್ಡ್ ಎಲ್ಲ ಹಾಕಿಕೊಂಡೇ ಆಡಿ. ಹಲ್ಲಿನ ಗಾರ್ಡ್ ಕಚ್ಚಿಕೊಂಡು ಉಸಿರಾಡುವುದೇ ಒಂದು ಅಭ್ಯಾಸ. ದಿನವೂ ಆಡುವ ಗೆಳೆಯರನ್ನು ಬಿಟ್ಟು ಎತ್ತರದವರು, ಕುಳ್ಳಗಿನವರು, ಎಡಗಾಲು ಮುಂದಿಡುವವರು, ಬಲಗಾಲು ಮುಂದಿಡುವವರು ಎಲ್ಲರ ಜೊತೆ ಆಡಿ. ಕೆಲವು ಬೌಟ್‌ಗಳನ್ನು ಸುಮ್ನೆ ಹೀಗೆ ಶುರು ಮಾಡಿ: ನೀವು 2 ಅಂಕ ಹಿಂದೆ ಇದ್ದೀರಿ, 30 ಸೆಕೆಂಡ್ ಉಳಿದಿದೆ. ಆಮೇಲೆ ಉಲ್ಟಾ ಮಾಡಿ, ನೀವು ಮುಂದೆ ಇದ್ದೀರಿ, ಉಳಿಸಿಕೊಳ್ಳಬೇಕು. ನನ್ನ ಪ್ರಕಾರ ನೂರು ಸಲ ಗಾಳಿಗೆ ಪಂಚ್ ಹೊಡೆಯುವುದಕ್ಕಿಂತ ಇದರಿಂದ ಜಾಸ್ತಿ ಉಪಯೋಗ.

ತೂಕ ಇಳಿಸುವ ಆಸೆ ಬೇಡವೇ ಬೇಡ. ನೀರು ಬಿಟ್ಟು, ಊಟ ಬಿಟ್ಟು ಕೆಳಗಿನ ವಿಭಾಗಕ್ಕೆ ಬಂದರೆ ಕಾಲಿನ ವೇಗವೂ ಹೋಗುತ್ತದೆ, ತಲೆಯೂ ಚುರುಕಾಗಿರುವುದಿಲ್ಲ. ಬೆಳೆಯುವ ಮಕ್ಕಳಿಗಂತೂ ಇದು ಅಪಾಯ. ಇರುವ ತೂಕಕ್ಕೆ ಯಾವ ವಿಭಾಗವೋ ಅದರಲ್ಲೇ ಆಡಿ.

ಚೀಲ ಮತ್ತು ಕಾಯುವಿಕೆ

ನಿಮಗೆ ಕೆಂಪು ಬರುತ್ತದೋ ನೀಲಿ ಬರುತ್ತದೋ ಮೊದಲೇ ಗೊತ್ತಿರುವುದಿಲ್ಲ. ಎರಡೂ ಬಣ್ಣದ ಗ್ಲೌಸ್, ಬೆಲ್ಟ್, ಕಾಲಿನ ಗಾರ್ಡ್ ಇಟ್ಟುಕೊಳ್ಳಿ. ಕೆಂಪು ಅಂದರೆ ಅಕಾ, ನೀಲಿ ಅಂದರೆ ಆವೋ. ಕೈಕಾಲಿನ ಉಗುರು ಕತ್ತರಿಸಿ. ಉಂಗುರ, ಓಲೆ, ಸರ ಮನೆಯಲ್ಲೇ ಇರಲಿ.

ಟೂರ್ನಿ ದಿನ ಜಾಸ್ತಿ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ಬೆಳಿಗ್ಗೆ ಬಂದ ಕೂಡಲೇ ಜೋರಾಗಿ ಬೆವರು ಹರಿಸಿ, ಆಮೇಲೆ ಗಂಟೆಗಟ್ಟಲೆ ತಣ್ಣಗೆ ಕೂತರೆ ಪ್ರಯೋಜನವಿಲ್ಲ. ನಿಮ್ಮ ವಿಭಾಗ ಕರೆಯುವ ಹೊತ್ತಿಗೆ ಸರಿಯಾಗಿ ಮೈ ಬಿಸಿ ಮಾಡಿಕೊಳ್ಳಿ. ಎರಡು ಬೌಟ್‌ಗಳ ನಡುವೆ ಮೇಲೊಂದು ಜಾಕೆಟ್ ಹಾಕಿಕೊಂಡು ಓಡಾಡುತ್ತಿರಿ. ರೂಢಿ ಇರುವ ಆಹಾರವನ್ನೇ ಸ್ವಲ್ಪ ಸ್ವಲ್ಪ ತಿನ್ನಿ, ನೀರು ಕುಡಿಯುತ್ತಿರಿ. ನಿಮ್ಮ ಮ್ಯಾಟ್‌ನಲ್ಲಿ ನಡೆಯುವ ಒಂದೆರಡು ಬೌಟ್ ನೋಡಿ. ರೆಫ್ರಿ ಯಾವುದಕ್ಕೆ ಎಚ್ಚರಿಕೆ ಕೊಡುತ್ತಾರೆ ಅನ್ನುವುದು ತಿಳಿಯುತ್ತದೆ.

ಹಜಿಮೆ ಅಂದ ಮೇಲೆ

ಹಜಿಮೆ ಅಂದರೆ ‘ಶುರು ಮಾಡಿ’. ಮೊದಲ ಸಲ ಆಡುವ ಎಲ್ಲರಿಗೂ ಒಂದೇ ತೊಂದರೆ. ಎದೆ ಡವಡವ ಅನ್ನುತ್ತದೆ, ಕೈ ಭಾರ ಆಗುತ್ತದೆ, ಉಸಿರು ಹಿಡಿದುಕೊಂಡೇ ಆಡುತ್ತಾರೆ. ಅರ್ಧ ನಿಮಿಷದಲ್ಲೇ ಸುಸ್ತು. ಇದು ದೌರ್ಬಲ್ಯ ಅಲ್ಲ, ಅಡ್ರಿನಲಿನ್ ಕೆಲಸ. ಉಪಾಯ ಕಿಯಾಯ್‌ನಲ್ಲೇ, ಅಂದರೆ ಏಟಿನ ಜೊತೆ ಹಾಕುವ ಕೂಗಿನಲ್ಲೇ ಇದೆ. ಕೂಗಿದರೆ ಉಸಿರು ಹೊರಗೆ ಹೋಗಲೇಬೇಕು, ಅಲ್ವಾ? ಪ್ರತಿ ಏಟಿಗೂ ಕೂಗಿ. ರೆಫ್ರಿ ‘ಯಾಮೆ’ ಅಂದ ಕೂಡಲೇ ನಿಲ್ಲಿಸಿ, ನಿಮ್ಮ ಜಾಗಕ್ಕೆ ವಾಪಸ್ ನಡೆಯುವಾಗ ಒಂದು ಸಲ ಪೂರ್ತಿ ಉಸಿರು ಬಿಡಿ. ಆ ಕೆಲವು ಹೆಜ್ಜೆಗಳೇ ನಿಮಗೆ ಸಿಗುವ ವಿಶ್ರಾಂತಿ. ಹೊರಗಿನಿಂದ ಹತ್ತು ಜನ ಕೂಗುತ್ತಾರೆ. ನಿಮ್ಮ ಕೋಚ್ ದನಿ ಒಂದನ್ನೇ ಕೇಳಿ.

ಇದನ್ನು ಹೆತ್ತವರು ದಯವಿಟ್ಟು ಎರಡು ಸಲ ಓದಿ. ತಲೆಗೆ ಏಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಮಂಜುಗಣ್ಣು, ಗೊಂದಲ ಯಾವುದಾದರೂ ಕಂಡರೆ ಆ ದಿನದ ಆಟ ಮುಗಿಯಿತು. ಸ್ವಲ್ಪ ಹೊತ್ತಿಗೆ ಸರಿಹೋದಂತೆ ಕಂಡರೂ ಮತ್ತೆ ಇಳಿಸಬೇಡಿ, ಡಾಕ್ಟರಿಗೆ ತೋರಿಸಿ. ಆಡುತ್ತೇನೆ ಎಂದು ಮಗು ಹಟ ಹಿಡಿಯಬಹುದು, ಆದರೆ ನಿರ್ಧಾರ ದೊಡ್ಡವರದ್ದು.

ಸೋತರೆ ರೆಫ್ರಿಗೆ, ಎದುರಾಳಿಗೆ ವಂದಿಸಿ ಹೊರಗೆ ಬನ್ನಿ. ಆದರೆ ಗ್ಲೌಸ್ ಚೀಲಕ್ಕೆ ಹಾಕಿ ಮನೆಗೆ ಹೊರಡಬೇಡಿ. ಹಲವು ಟೂರ್ನಿಗಳಲ್ಲಿ ರೆಪಶಾಜ್ ಇರುತ್ತದೆ. ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ಕಂಚಿನ ಪದಕಕ್ಕೆ ಆಡಲು ನಿಮ್ಮನ್ನು ಮತ್ತೆ ಕರೆಯುತ್ತಾರೆ. ಹೆಸರು ಕೂಗಿದಾಗ ಅಲ್ಲಿಲ್ಲದಿದ್ದರೆ ಆ ಅವಕಾಶ ಹೋಯಿತು. ನಿಮ್ಮ ವಿಭಾಗದ ಫೈನಲ್‌ಗೆ ಯಾರು ಬಂದರು ಎಂದು ಟೇಬಲ್ ಹತ್ತಿರ ಕೇಳಿಕೊಂಡು, ಅಲ್ಲಿಯವರೆಗೂ ಮೈ ಬಿಸಿಯಾಗಿಟ್ಟುಕೊಂಡಿರಿ.