ಫಿಟ್ಸ್ ನಿಂತಿತಾ, ಇಲಿಗೆ ಮಂಪರು ಬಂತಾ?

ಬಜೆಯನ್ನು ತೇಯ್ದು ಕೂಸಿನ ನಾಲಿಗೆಗೆ ಹಚ್ಚುವುದು ನಮ್ಮ ಕಡೆ ಮನೆಮನೆಯ ರೂಢಿ. ಅದರಲ್ಲಿರುವ ಆಲ್ಫಾ-ಅಸರೋನ್ ಫಿಟ್ಸ್ ತಡೆಯುತ್ತದಾ ಅಂತ ಇಲಿಗಳಲ್ಲಿ ನೋಡುವುದು ನನ್ನ ಎಂ.ಫಾರ್ಮ್ ಪ್ರಾಜೆಕ್ಟ್ ಆಗಿತ್ತು. ಬೇರನ್ನೇ ಅರೆದು ಕೊಡಲಿಲ್ಲ, ಶುದ್ಧ ಪುಡಿ ತರಿಸಿದೆ. ಬೇರಿನಲ್ಲಿ ಬೀಟಾ-ಅಸರೋನ್ ಕೂಡ ಇರುತ್ತದೆ. ಬಜೆ ಎಣ್ಣೆ ತಿಂದ ಇಲಿಗಳಲ್ಲಿ ಗಡ್ಡೆ ಕಂಡಿದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಹಾಕಬಾರದು ಅಂತ ನಿಷೇಧಿಸಿದರು.

ಪ್ರಾಣಿ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಎದುರಾದದ್ದು ಕರಗಿಸುವ ತಲೆನೋವು. ಅಸರೋನ್ ನೀರಿಗೆ ಸೇರುವುದಿಲ್ಲ. ಸಲೈನ್‌ಗೆ ಸ್ವಲ್ಪ ಟ್ವೀನ್ 80 (ನೀರಿಗೆ ಸೇರದ್ದನ್ನು ಸೇರಿಸುವ ಪದಾರ್ಥ) ಬೆರೆಸಿ ಕಲಕಿದೆ. ಫಲ ಔಷಧಿಯದ್ದೋ ದ್ರಾವಣದ್ದೋ ಅಂತ ಗೊತ್ತಾಗಲು, ಔಷಧಿಯಿಲ್ಲದ ಅದೇ ದ್ರಾವಣವನ್ನು ಒಂದು ಗುಂಪಿಗೆ ಕೊಡಲೇಬೇಕು. 1960ರ ದಶಕದ ಆರಂಭದಲ್ಲಿ ಫ್ರಾನ್ಸ್‌ನಲ್ಲಿ ವಾಲ್ಪ್ರೋಯಿಕ್ ಆಮ್ಲದಲ್ಲಿ ಬೇರೆ ಬೇರೆ ಪದಾರ್ಥ ಕರಗಿಸಿ ಪರೀಕ್ಷಿಸಿದಾಗ ಎಲ್ಲವೂ ಫಿಟ್ಸ್ ತಡೆದವಂತೆ. ಕೆಲಸ ಮಾಡಿದ್ದು ಕರಗಿಸಲು ಬಳಸಿದ ಆಮ್ಲವೇ! ಇವತ್ತು ಅದೇ ಮಾತ್ರೆಯಾಗಿ ಸಿಗುತ್ತದೆ.

ಅಸರೋನ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು, ಕತ್ತಿನ ಚರ್ಮದಡಿ ಫಿಟ್ಸ್ ಬರಿಸುವ ಪಿಟಿಜಡ್ ಅನ್ನುವ ರಾಸಾಯನಿಕ ಕೊಡುತ್ತಿದ್ದೆ, ಕೆಜಿಗೆ 85 ಮಿಲಿಗ್ರಾಂ ಲೆಕ್ಕದಲ್ಲಿ. ಮಿದುಳನ್ನು ಹಿಡಿತದಲ್ಲಿಡುವ ಗಾಬಾ ವ್ಯವಸ್ಥೆಗೆ ಇದು ಅಡ್ಡಿ ಮಾಡುತ್ತದೆ. ಆಮೇಲೆ 30 ನಿಮಿಷ ಕಣ್ಣು ಕೀಳುವಂತಿಲ್ಲ. ಮೊದಲು ಕಿವಿ ಅದುರುತ್ತದೆ. ಮೈ ಒಮ್ಮೆ ಜಗ್ಗಿದಂತಾಗುತ್ತದೆ. ನಂತರ ಮುಂಗಾಲುಗಳು ಪಟಪಟ ಬಡಿಯುತ್ತವೆ. ಅದು 5 ಸೆಕೆಂಡ್ ದಾಟಿದರೆ ಫಿಟ್ಸ್ ಅಂತ ಬರೆದುಕೊಳ್ಳುವುದು. ಯಾವ ಇಲಿಗೆ ಏನು ಕೊಟ್ಟಿದೆ ಅನ್ನುವುದು ಗೆಳತಿಗೆ ಮಾತ್ರ ಗೊತ್ತಿತ್ತು. ಇಲ್ಲದಿದ್ದರೆ ನಮಗೆ ಬೇಕಾದ ಕಡೆ ಸ್ಟಾಪ್‌ವಾಚ್ ಒತ್ತುತ್ತೇವೆ, ಅಲ್ವಾ?

ಅಸರೋನ್ ಗುಂಪಿನಲ್ಲಿ ಫಿಟ್ಸ್ ತಡವಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ. ಅಷ್ಟಕ್ಕೇ ನಾನು ನಂಬಲಿಲ್ಲ. ಮಂಪರಿನಲ್ಲಿ ಬಿದ್ದಿರುವ ಇಲಿಯೂ ಸುಮ್ನೆ ಇರುತ್ತದೆ. ಅದಕ್ಕೇ ಬೇರೆ ಇಲಿಗಳಿಗೆ ಅಸರೋನ್ ಮಾತ್ರ ಕೊಟ್ಟು, ತಿರುಗುವ ಸರಳಿನ ಮೇಲೆ ಬಿಟ್ಟೆ. ರೋಟಾರಾಡ್ ಅನ್ನುತ್ತಾರೆ. ಕಡಿಮೆ ಡೋಸಿನವು ನಡೆದುಕೊಂಡೇ ಇದ್ದವು. ಜಾಸ್ತಿ ಡೋಸಿನವು ಕಾಲು ತಪ್ಪಿ ಬಿದ್ದವು. ಹಾಗಾಗಿ ದೊಡ್ಡ ಡೋಸಿನ ಚೆಂದದ ಅಂಕಿಗಳನ್ನು ನನ್ನ ಗೆಲುವಿನ ಲೆಕ್ಕಕ್ಕೆ ಸೇರಿಸಲಿಲ್ಲ.

ಒಂದು ವೇಳೆ ಫಿಟ್ಸ್ ತಡೆಯದೇ ಇದ್ದಿದ್ದರೂ ಅಸರೋನನ್ನು ಅಲ್ಲಿಗೇ ಕೈಬಿಡುವಂತಿರಲಿಲ್ಲ. ಲೆವೆಟಿರಾಸೆಟಮ್ ಅನ್ನುವ ಫಿಟ್ಸ್ ಔಷಧಿ ಈ ಪಿಟಿಜಡ್ ಪರೀಕ್ಷೆಯಲ್ಲೂ ಫೇಲು, ವಿದ್ಯುತ್ ಶಾಕ್ ಪರೀಕ್ಷೆಯಲ್ಲೂ ಫೇಲು. ಆದರೂ ವೈದ್ಯರು ಇವತ್ತು ಧಾರಾಳವಾಗಿ ಬರೆಯುವ ಔಷಧಿ ಅದು.

"ಹಾಗಾದರೆ ಫಿಟ್ಸ್ ಬರುವ ಮಗುವಿಗೆ ಬಜೆ ಜಾಸ್ತಿ ತೇಯಬಹುದಾ?" ಅಂತ ಊರಲ್ಲಿ ಕೇಳುತ್ತಾರೆ. ಬೇಡ. ನಾನು ಚುಚ್ಚಿದ್ದು ಅಳತೆಯ ಶುದ್ಧ ಪುಡಿ, ಅದೂ ಇಲಿಗೆ. ಡಾಕ್ಟರ್ ಕೊಟ್ಟ ಮಾತ್ರೆಯನ್ನಂತೂ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು.