ಒಟ್ಟಾಗಿ ಕೊಳ್ಳುವುದು, ಸುತ್ತೋಲೆ ಓದುವುದು: ಎರಡನ್ನೂ ಒಂದೇ ಮೇಜಿಗೆ ತಂದ ಬಗೆ

ಅಂಗವಿಕಲರ ವಸತಿ ಆರೈಕೆ ಮತ್ತು ಮಾನಸಿಕ ಆರೋಗ್ಯ ಸೇವೆ ನಡೆಸುವ ಆರು ಸಣ್ಣ ಸಂಸ್ಥೆಗಳು ಸೇರಿ ಸಾಮಾನು ಕೊಳ್ಳಲು ಹೊರಟಾಗ ನಾವು ಮೊದಲು ಹಿಡಿದದ್ದು ಬಳಕೆಯ ಲೆಕ್ಕ. ದರ ಕೇಳುವ ಕೆಲಸ ಆಮೇಲೆ. ಪ್ರತಿ ಸಂಸ್ಥೆಯ ಮೂರು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು, ‘ಬಾಕ್ಸ್’, ‘ಬಂಡಲ್’ ಎಂದು ಬರೆದದ್ದನ್ನೆಲ್ಲ ಬಿಡಿ ಲೆಕ್ಕಕ್ಕೆ ಇಳಿಸಿದೆವು. ಒಬ್ಬರ ಬಾಕ್ಸಿನಲ್ಲಿ 100 ಗ್ಲೌಸ್, ಇನ್ನೊಬ್ಬರದರಲ್ಲಿ 200, ಮತ್ತೊಬ್ಬರದು ಜೋಡಿ ಲೆಕ್ಕ. ಇದನ್ನು ಸರಿಪಡಿಸದೆ ಕೊಟೇಶನ್ ಕರೆದರೆ ಅಗ್ಗ ಯಾವುದು, ದುಬಾರಿ ಯಾವುದು ಎಂದೇ ತಿಳಿಯುವುದಿಲ್ಲ.

ಒಟ್ಟು ಬಳಕೆಯ ಶೇ. 80ಕ್ಕೆ ಮಾತ್ರ ಪೂರೈಕೆದಾರರಿಗೆ ಮಾತು ಕೊಟ್ಟೆವು. ನಾಲ್ಕು ಹಾಸಿಗೆ ಖಾಲಿಯಾದರೂ ಸಾಕು, ಪೂರ್ತಿ ಒಪ್ಪಿಕೊಂಡ ಪ್ರಮಾಣ ಗೋದಾಮಿನಲ್ಲಿ ಕೂತು ಅವಧಿ ಮೀರುತ್ತದೆ. ಒಪ್ಪಂದದಲ್ಲಿ ಬಿಟ್ಟುಕೊಡದ ಮಾತು ನಾಲ್ಕು: ದರ ಬಾಗಿಲಿಗೆ ತಲುಪಿಸುವುದನ್ನೂ ಸೇರಿಸಿರಬೇಕು, ಬಿಲ್ಲು ಆಯಾ ಸಂಸ್ಥೆಯ ಹೆಸರಿಗೇ ಬರಬೇಕು, ಒಬ್ಬರ ಬಾಕಿ ಇನ್ನೊಬ್ಬರ ತಲೆಗೆ ಬರಬಾರದು, ಬರಹದಲ್ಲಿ ಒಪ್ಪಿಗೆ ಪಡೆಯದೆ ಬದಲಿ ಸರಕು ಕಳಿಸಬಾರದು. ಕೊನೆಯದೇ ಜೀವಾಳ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಏಕೆ ಎಂಬುದಕ್ಕೆ ಥಿಕನರ್ ಪುಡಿಯನ್ನೇ ನೋಡಿ. ನುಂಗಲು ಕಷ್ಟಪಡುವವರಿಗೆ ನೀರು ನೆತ್ತಿಗೆ ಹತ್ತದಂತೆ ಮಂದ ಮಾಡುವ ಪುಡಿ ಇದು. ಪಿಷ್ಟದಿಂದ ಮಾಡಿದ್ದು ಒಂದು ಬಗೆ, ಕ್ಸಾಂಥನ್ ಗಮ್ ಎಂಬ ಅಂಟಿನದು ಇನ್ನೊಂದು. ಪಿಷ್ಟದ್ದು ಲೋಟದಲ್ಲಿ ಹೊತ್ತು ಕಳೆದಂತೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಾಯಿಗೆ ಹೋದರೆ ಎಂಜಲಿನಲ್ಲಿರುವ, ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್ ಸೋಕಿ ತೆಳುವಾಗುತ್ತದೆ. ಕ್ಸಾಂಥನ್ ಗಮ್ ಎಂಜಲಿಗೆ ಜಗ್ಗುವುದಿಲ್ಲ, ಆದರೆ ಅದರ ಅಳತೆಯೇ ಬೇರೆ. ಡಬ್ಬಿ ಬದಲಾಗಿ, ಅಡುಗೆಮನೆಯಲ್ಲಿ ಹಳೆಯ ಚಮಚವೇ ಉಳಿದರೆ ಅಪಾಯ ಅಲ್ಲೇ ಶುರುವಾಯಿತು.

ಇನ್ನೂ ದೊಡ್ಡ ವಿಷಯವೊಂದಿದೆ. ಮಲಬದ್ಧತೆಗೆ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಔಷಧವನ್ನು ಪಿಷ್ಟದ ಥಿಕನರ್ ಹಾಕಿದ ಪಾನೀಯಕ್ಕೆ ಬೆರೆಸಿದರೆ ಅದು ನೀರಾಗಿಬಿಡಬಹುದು. ಬ್ರಿಟನ್ನಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿದರು. ಇಂಥ ಎಚ್ಚರಿಕೆಯ ಸುತ್ತೋಲೆ ನರ್ಸ್‌ಗಳ ಕೈ ಸೇರುತ್ತದೆ. ಅಗ್ಗದ ಡಬ್ಬಿಗೆ ಆರ್ಡರ್ ಹಾಕುವ ಗುಮಾಸ್ತರಿಗೆ ಅದರ ಸುಳಿವೇ ಇರುವುದಿಲ್ಲ. ಖರೀದಿ ಮತ್ತು ಸುತ್ತೋಲೆ ಎರಡನ್ನೂ ಒಂದೇ ಮೇಜಿಗೆ ತಂದದ್ದು ಇದೇ ಕಾರಣಕ್ಕೆ.

ಈಗ ಥಿಕನರ್ ಬದಲಾದರೆ ಪ್ರತಿ ಕೇಂದ್ರದಲ್ಲೂ ಐಡಿಡಿಎಸ್‌ಐ (ಪಾನೀಯ ಎಷ್ಟು ಮಂದ ಎಂಬುದನ್ನು ಹಂತಗಳಲ್ಲಿ ಹೇಳುವ ಅಂತರರಾಷ್ಟ್ರೀಯ ಪದ್ಧತಿ) ಹರಿವಿನ ಪರೀಕ್ಷೆ ಮಾಡಿಯೇ ಬಳಕೆಗೆ ಬಿಡುತ್ತೇವೆ. 10 ಮಿ.ಲೀ. ಸಿರಿಂಜ್ ಬೇಕು, ಸೊನ್ನೆಯಿಂದ 10ರ ಗೆರೆಗೆ 61.5 ಮಿ.ಮೀ. ಇರುವಂಥದ್ದೇ ಆಗಬೇಕು, ಎಲ್ಲ ಕಂಪನಿಯದೂ ಅಷ್ಟಿರುವುದಿಲ್ಲ. ಒಳಗಿನ ದಂಡ ತೆಗೆದು, ಮೂತಿಯನ್ನು ಬೆರಳಿನಿಂದ ಮುಚ್ಚಿ, 10ರ ಗೆರೆವರೆಗೆ ತುಂಬಿ, ಬೆರಳು ತೆಗೆದು ಸರಿಯಾಗಿ 10 ಸೆಕೆಂಡಿಗೆ ಮತ್ತೆ ಮುಚ್ಚುವುದು. ಉಳಿದದ್ದು 1ರಿಂದ 4 ಮಿ.ಲೀ. ಇದ್ದರೆ ಮೊದಲ ಹಂತ, 4ರಿಂದ 8 ಇದ್ದರೆ ಎರಡನೆಯದು, 8ಕ್ಕಿಂತ ಹೆಚ್ಚಿದ್ದು ಸ್ವಲ್ಪವಾದರೂ ಹರಿದಿದ್ದರೆ ಮೂರನೆಯದು. ಒಂದು ಹನಿಯೂ ಇಳಿಯದಿದ್ದರೆ ನಾಲ್ಕನೆಯದೋ ಎಂದು ಚಮಚ ಮತ್ತು ಫೋರ್ಕಿನಿಂದ ನೋಡಬೇಕು. ಯಾರಿಗೆ ಯಾವ ಹಂತ ಎಂದು ಹೇಳುವುದು ಸ್ಪೀಚ್ ಥೆರಪಿಸ್ಟ್ ಕೆಲಸ. ನಮ್ಮದು ಆ ಹಂತ ತಪ್ಪದಂತೆ ನೋಡಿಕೊಳ್ಳುವುದಷ್ಟೇ.

ಡಯಾಪರಿನಲ್ಲಿ ಮೋಸಹೋಗುವುದು ಎಷ್ಟು ಹೀರುತ್ತದೆ ಎಂಬ ಪೊಟ್ಟಣದ ಅಂಕಿ ನಂಬಿ. ಅದನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 11948-1 ಪರೀಕ್ಷೆಯಲ್ಲಿ ಡಯಾಪರನ್ನು ದ್ರವದಲ್ಲಿ ಪೂರ್ತಿ ಮುಳುಗಿಸಿ, ಬಸಿದು, ತೂಗುತ್ತಾರೆ. ಮೈಮೇಲೆ ಅಷ್ಟು ಹಿಡಿಯುವುದಿಲ್ಲ. ಮಡಿಕೆ ಬೀಳುತ್ತದೆ, ಕೂತ ಭಾರಕ್ಕೆ ಹಿಂಡುತ್ತದೆ. ಆದ್ದರಿಂದ ಎರಡು ವಾರ ಮಾದರಿ ಬಳಸಿ, ರಾತ್ರಿಯ ಒಣ ತೂಕ ಮತ್ತು ಬೆಳಗಿನ ಒದ್ದೆ ತೂಕ ಬರೆದಿಡುತ್ತೇವೆ. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿ.ಲೀ. ಎಷ್ಟಕ್ಕೆ ಸೋರಿತು ಎಂಬುದೇ ನಿಜವಾದ ಅಂಕಿ. ಸೊಂಟ, ನಿತಂಬ ಎರಡನ್ನೂ ಅಳೆದು ದೊಡ್ಡ ಅಳತೆಗೆ ಸೈಜ್ ಆರಿಸುವುದು. ‘ದೊಡ್ಡದಾದರೆ ಹೆಚ್ಚು ಹಿಡಿಯುತ್ತದೆ’ ಎಂಬುದು ತಪ್ಪು, ತೊಡೆಯ ಸಂದಿಯಲ್ಲೇ ಸೋರುತ್ತದೆ.

ಎಲ್ಲರಿಗೂ ಒಂದೇ ಸಾಮಾನು ಎಂಬ ಹಟವೂ ಒಳ್ಳೆಯದಲ್ಲ. ಗೋಡೆಗೆ ಹಾಕುವ ಆಲ್ಕೋಹಾಲ್ ಸ್ಯಾನಿಟೈಸರ್ ಒಂದು ವಸತಿ ಕೇಂದ್ರಕ್ಕೆ ಸರಿಹೋಗಬಹುದು. ಮನೋರೋಗ ವಾರ್ಡಿನಲ್ಲಿ ಅದನ್ನು ಕುಡಿಯುವ ಅಪಾಯವಿದೆ, ಅಲ್ಲಿ ಸಿಬ್ಬಂದಿಯ ಜೇಬಿನ ಸಣ್ಣ ಬಾಟಲಿಯೇ ಸರಿ. ಗಾಲಿಕುರ್ಚಿಯ ಕುಶನ್ ಒಬ್ಬೊಬ್ಬರ ಮೈಗೆ ಹೊಂದಿಸುವಂಥದ್ದು, ಅದನ್ನು ಪಟ್ಟಿಯಿಂದಲೇ ತೆಗೆದಿದ್ದೇವೆ.

ಸುತ್ತೋಲೆಗಳನ್ನು ವಾರಕ್ಕೊಬ್ಬರಂತೆ ಸರದಿಯಲ್ಲಿ ಓದುತ್ತೇವೆ. ಪ್ರತಿಯೊಂದಕ್ಕೂ ಒಂದೇ ಪುಟ: ಕರಡೋ ಅಂತಿಮವೋ, ಹೊರಟ ದಿನ, ಜಾರಿಯ ದಿನ, ಯಾವ ಸಾಮಾನಿಗೆ, ಯಾವ ನಮೂನೆಗೆ, ಯಾರ ತರಬೇತಿಗೆ ತಗಲುತ್ತದೆ. ಹೆಚ್ಚು ಎಡವುವುದು ದಿನಾಂಕಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, ಅಂದರೆ ಕಾಯಿಲೆಗಳಿಗೆ ಕೋಡ್ ಕೊಡುವ ಪಟ್ಟಿ, ಜಾರಿಗೆ ಬಂದದ್ದು 2022ರ ಜನವರಿ 1ಕ್ಕೆ. ಆದರೆ ಒಂದೊಂದು ದೇಶ ಅದನ್ನು ಅಳವಡಿಸಿಕೊಳ್ಳುವ ದಿನ ಬೇರೆ ಬೇರೆ. ತಮ್ಮ ದೇಶದ ಆದೇಶ ಕಾಯದೆ ಬಿಲ್ಲಿನ ಕೋಡ್ ಬದಲಿಸಿದರೆ ಹಣ ನಿಲ್ಲುತ್ತದೆ.

ನಮೂನೆಗಳ ಮುದ್ರಣ ಇನ್ನೊಂದು ಬಲೆ. ಒಟ್ಟಿಗೆ ಹೆಚ್ಚು ಮುದ್ರಿಸಿದರೆ ಅಗ್ಗವೇನೋ ಹೌದು, ಆದರೆ ಒಪ್ಪಿಗೆ ಪತ್ರದ ಭಾಷೆ ಬದಲಾಗುತ್ತಲೇ ಇರುತ್ತದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಬಗ್ಗೆ 2014ರಲ್ಲಿ ಬಂದ ವಿವರಣೆ, ಬೇರೊಬ್ಬರು ಅವರ ಪರವಾಗಿ ತೀರ್ಮಾನಿಸುವ ಪದ್ಧತಿಯ ಬದಲು ಅವರೇ ತೀರ್ಮಾನಿಸಲು ನೆರವಾಗುವ ಪದ್ಧತಿ ಬೇಕೆಂದಿತು. ‘ಪೋಷಕರ ಸಹಿ’ ಎಂಬ ಒಂದೇ ಗೆರೆ ಇರುವ ಹಳೆಯ ಕಟ್ಟು ಉಳಿದಿದ್ದರೆ ಸಿಬ್ಬಂದಿ ಅದನ್ನೇ ಬಳಸುತ್ತಾರೆ. ಮೂರು ತಿಂಗಳಿಗೆ ಸಾಲುವಷ್ಟೇ ಮುದ್ರಿಸಿ, ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಹಾಕುತ್ತೇವೆ. ಹೊಸ ಕಟ್ಟು ಕೊಡುವಾಗ ಉಳಿದ ಹಳೆಯ ಹಾಳೆಗಳನ್ನೂ, ಅಡುಗೆಮನೆ ಗೋಡೆಗೆ ಅಂಟಿಸಿದ ಹಳೆಯ ಅಳತೆ ಪಟ್ಟಿಯನ್ನೂ ಎಣಿಸಿ ವಾಪಸ್ ಪಡೆಯುತ್ತೇವೆ.